ಮೂವತ್ತೊಂದನೇ ಸಂಖ್ಯೆಯ ಬೆರಳು

ನನ್ನ ಹೆಂಡತಿಯನ್ನು ಅವಳ ವಾರ್ಡಿನಿಂದ ಹೊರಗೆ ಹಾಕುವ ಪತ್ರಕ್ಕೆ ಸಹಿ ಮಾಡಿದವನು ನಾನೇ. ಒಂದು ಗುರುವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ಎಡಗೈಯಲ್ಲಿ ಚಹಾ ಹಿಡಿದುಕೊಂಡು, ಯಾರಿಗೋ ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ ಸಹಿ ಮಾಡಿದೆ. ಮೂವತ್ತೊಂದನೇ ಸಂಖ್ಯೆಯ ನರ್ಸು ನನ್ನ ದಾಕ್ಷಾಯಣಿ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಬಾರದು ಎಂಬ ನಿಯಮ ಮಾಡಿದವನೂ ನಾನೇ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ನಾನು ಧಾರವಾಡದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಹೆಸರು ವಿರೂಪಾಕ್ಷ ಕಡಕೋಳ. ಹೃದಯದ ಬಡಿತವನ್ನು ಓದುವುದು ನನ್ನ ವಿದ್ಯೆ. ಹೃದಯವೆಂದರೆ ಗಡಿಯಾರದ ಹಾಗೆ ಸರಿಯಾಗಿ ಹೊಡೆಯಬೇಕು ಎಂದು ಜನ ತಿಳಿದಿದ್ದಾರೆ. ಅದು ತಪ್ಪು. ಚೆನ್ನಾಗಿ ನಿದ್ದೆ ಮಾಡಿ, ಉಂಡು, ನಕ್ಕ ಮನುಷ್ಯನ ಹೃದಯ ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡುತ್ತಲೇ ಇರುತ್ತದೆ. ದಣಿದ ಹೃದಯಕ್ಕೆ ಆ ಚೇಷ್ಟೆ ಮಾಡುವ ಹುಮ್ಮಸ್ಸು ಇರುವುದಿಲ್ಲ. ಅದು ತಲೆ ತಗ್ಗಿಸಿ ಒಂದೇ ಸಮ ಹೊಡೆಯುತ್ತ ಹೋಗುತ್ತದೆ.

ಮೊಬೈಲಿನ ಕ್ಯಾಮೆರಾದ ಮೇಲೆ ಬೆರಳಿಟ್ಟರೆ, ಪಕ್ಕದ ದೀಪದ ಬೆಳಕಿನಲ್ಲಿ ರಕ್ತ ಏರಿ ಇಳಿಯುವುದು ಕಾಣುತ್ತದೆ. ಅದರಿಂದ ದಣಿವನ್ನು ಅಳೆದು, ಸೊನ್ನೆಯಿಂದ ನೂರರವರೆಗೆ ಅಂಕ ಕೊಡುವ ಆಪ್ ಒಂದನ್ನು ನಾವು ಮಾಡಿದೆವು. ಅಂಕ ಎಪ್ಪತ್ತೈದು ದಾಟಿದರೆ ಕೆಂಪು. ಒಬ್ಬ ನರ್ಸು ಇನ್ನು ಮೂರು ವಾರಗಳಲ್ಲಿ ಕುಸಿಯುತ್ತಾಳೆ ಎಂಬುದನ್ನು ಅವಳಿಗಿಂತ ಮೊದಲು ಅದು ಹೇಳಬಲ್ಲದು. ಬರಿಯ ಅಳತೆಯಲ್ಲ, ಉಪಚಾರವೂ ಇತ್ತು. ಪಾಳಿಗೆ ಮೂರು ಸಲ ಗಂಟೆ ಬಾರಿಸಿ, ಮೂರು ನಿಮಿಷ ಧ್ಯಾನ ಮಾಡಿಸುತ್ತಿತ್ತು. ಇದರ ಜೊತೆಗೆ ಸಮವಸ್ತ್ರದ ಕಾಲರಿಗೆ ಸಿಕ್ಕಿಸುವ ಒಂದು ಗುಂಡಿ. ಅದು ಇಡೀ ಪಾಳಿ ಅವಳ ಉಸಿರಾಟವನ್ನು ಕೇಳುತ್ತ, ಅವಳು ಎಲ್ಲಿದ್ದಾಳೆಂಬುದನ್ನೂ ಬರೆದುಕೊಳ್ಳುತ್ತಿತ್ತು. ಆಪ್‌ಗೆ 'ನೆಮ್ಮದಿ' ಎಂದು ಹೆಸರಿಟ್ಟೆವು.

ಹತ್ತು ದಿನ ಸತತವಾಗಿ ಕೆಂಪು ಬಂದ ನರ್ಸಿಗೆ ಹಾಸಿಗೆ ಬದಿಯ ಕೆಲಸದಿಂದ ಆರು ತಿಂಗಳು ಬಿಡುವು ಕೊಡಬೇಕು, ಹಗುರವಾದ ಬೇರೆ ಕೆಲಸಕ್ಕೆ ಹಾಕಬೇಕು ಎಂಬ ಸಾಲನ್ನು ನಿಯಮಗಳಲ್ಲಿ ಬರೆಸಿದವನು ನಾನು. ಆರು ಆಸ್ಪತ್ರೆಗಳ ಇನ್ನೂರ ಹದಿನಾಲ್ಕು ನರ್ಸುಗಳು ಪ್ರಯೋಗಕ್ಕೆ ಒಪ್ಪಿದರು. ಯಾರ ಹೆಸರೂ ನಮಗೆ ಬೇಡ, ಸಂಖ್ಯೆ ಸಾಕು ಎಂದೆವು. ಆ ಆರರಲ್ಲಿ ನನ್ನ ಹೆಂಡತಿ ಇಪ್ಪತ್ತೆರಡು ವರ್ಷದಿಂದ ದುಡಿಯುವ ಟ್ರಸ್ಟ್ ಆಸ್ಪತ್ರೆಯೂ ಒಂದು. ಹಳೆಯ ಕಲ್ಲಿನ ಕಟ್ಟಡವಾದ್ದರಿಂದ ಊರವರು ಅದನ್ನು ಕಲ್ಲಾಸ್ಪತ್ರೆ ಎನ್ನುತ್ತಾರೆ. ಹೆಂಗಸರ ವಾರ್ಡಿಗೆ ದಾಕ್ಷಾಯಣಿಯೇ ಹಿರಿಯ ಸಿಸ್ಟರ್. ಅವಳೂ ಪ್ರಯೋಗಕ್ಕೆ ಒಪ್ಪಿದ್ದಳು.

ಮನೆಯಲ್ಲಿ ಆಪ್ ಮಾತು ಎತ್ತಬಾರದು ಎಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡಿದ್ದೆವು. ಅದನ್ನು ಮೊದಲ ವಾರವೇ ಮುರಿದವಳು ಅವಳು. ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಬಂದಳು. ಬಂದವಳೇ ಬಕೆಟ್ಟಿನಲ್ಲಿ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಟು ಕುಳಿತಳು. ಅವಳು ಕೂರುವುದನ್ನು ನಾನು ನೋಡುವುದು ಅದೊಂದೇ ಹೊತ್ತಿನಲ್ಲಿ, ಅದೂ ನೀರು ಆರುವವರೆಗೆ ಮಾತ್ರ.

"ಅಲ್ರೀ, ಆ ಫೋನಿನ್ಯಾಗ ಮಾತಾಡೂದು ನಿಮ್ಮ ದನೀನ ಹೌದಲ್ಲ?" ಎಂದಳು.

ಹೌದು, ನನ್ನದೇ. ಬೇರೆಯವರ ದನಿಗೆ ಒಪ್ಪಿಗೆ ಪಡೆಯುವುದು ತಡವಾಗುತ್ತದೆಂದು ನನ್ನ ದನಿಯನ್ನೇ ಕಂಪ್ಯೂಟರಿಗೆ ಕಲಿಸಿ, ಸ್ವಲ್ಪ ಜೇನು ಸವರಿ ಬಿಟ್ಟಿದ್ದೆ.

"ಒಪ್ಪಂದ ಏನಿತ್ತು?" ಎಂದೆ.

"ಒಪ್ಪಂದ ಅತ್ಲಾಗ ಇಡ್ರಿ. 'ಭುಜಗಳನ್ನು ಸಡಿಲಿಸಿ, ನಿಮ್ಮನ್ನು ನೀವು ಪ್ರೀತಿಯಿಂದ ನೋಡಿಕೊಳ್ಳಿ' ಅಂತದ. ಇನ್ನೂರ ಮಂದಿ ಹೆಣ್ಮಕ್ಕಳಿಗೆ ದಿನಾ ಮೂರ ಸಲ ಹೇಳ್ತೀರಿ. ಇಪ್ಪತ್ನಾಕ ವರ್ಷದಾಗ ಮನ್ಯಾಗ ಒಂದಿನ ನನಗ ಭುಜ ಸಡಲಿಸು ಅಂದೀರೇನು?"

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ಆಮೇಲೆ ಕಾಲು ಒರೆಸಿಕೊಂಡು ರೊಟ್ಟಿ ಬಡಿಯಲು ಎದ್ದಳು. ಅವಳ ಭುಜ ಹೇಗಿದೆಯೆಂದು ನಾನು ನೋಡಲಿಲ್ಲ. ಇವತ್ತು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಪ್ರಯೋಗಾಲಯದಲ್ಲಿ ಲೆಕ್ಕಾಚಾರದ ಕೆಲಸ ತಬಸ್ಸುಮ್ ಮುಲ್ಲಾ ಅವರದು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಸಣ್ಣವರು, ಬುದ್ಧಿಯಲ್ಲಿ ಇಪ್ಪತ್ತು ವರ್ಷ ದೊಡ್ಡವರು. ಆ ಗುರುವಾರ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಸರ್, ಮೂವತ್ತೊಂದು ನಂಬರಿನವ್ರನ್ನ ನೋಡ್ರಿ. ತೊಂಬತ್ನಾಕು, ತೊಂಬತ್ತೆರಡು, ತೊಂಬತ್ತಾರು. ಹತ್ತು ದಿನಾನೂ ಹಿಂಗ. ಇಂಥ ಹೃದಯ ಇಟ್ಕೊಂಡು ಈ ಸಿಸ್ಟರ್ ನಿಂತು ಕೆಲಸಾ ಹೆಂಗ ಮಾಡಾಕತ್ತಾರ?"

ನಾನು ನೋಡಿದೆ. ಆ ಹೃದಯ ಎತ್ತು ಗಾಣ ತಿರುಗುವ ಹಾಗೆ ತಿರುಗುತ್ತಿತ್ತು. ಪಾಪ, ಯಾರ ಮನೆಯ ಹೆಣ್ಣುಮಗಳೋ ಎಂದು ಮನಸ್ಸು ಮರುಗಿತು. ಅವಳ ಮನೆಯಲ್ಲಿ ಗಂಡನೆಂಬ ಪ್ರಾಣಿ ಇದ್ದರೆ ಅವನಿಗೆ ಕಣ್ಣಿಲ್ಲವೇ ಎಂದು ತಬಸ್ಸುಮ್ ಅವರೆದುರು ಸಿಟ್ಟಿನಿಂದ ಹೇಳಿಯೂ ಬಿಟ್ಟೆ. "ಇವ್ರನ್ನ ಸೋಮವಾರದಿಂದ ವಾರ್ಡಿಂದ ತಗಸ್ರಿ" ಎಂದು ಸಹಿ ಹಾಕಿದೆ. ಪತ್ರ ಮುಚ್ಚಿದ ಲಕೋಟೆಯಂತೆ ಕಂಪ್ಯೂಟರಿನಿಂದಲೇ ಹೋಗುತ್ತದೆ. ಯಾರಿಗೆ ತಲುಪಿತೆಂಬುದು ಆಸ್ಪತ್ರೆಗೆ ಮಾತ್ರ ತಿಳಿಯುತ್ತದೆ.

ಆ ದಿನ ಸಂಜೆ ನಾನು ಮನೆಗೆ ಬಂದಾಗ ಬಕೆಟ್ಟು ಖಾಲಿಯಿತ್ತು. ದಾಕ್ಷಾಯಣಿ ಸಮವಸ್ತ್ರವನ್ನೂ ಬದಲಿಸದೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಮೊಬೈಲನ್ನು ನನ್ನ ಮುಂದೆ ಹಿಡಿದಳು. ಅದರಲ್ಲಿ ನನ್ನ ಸಹಿ ಇತ್ತು.

"ಸೋಮವಾರದಿಂದ ದಾಖಲೆ ಕ್ವಾಣಿಗಿ ಹಾಕ್ಯಾರ," ಎಂದಳು. "ಮೆಟ್ಟಲ ಕೆಳಗಿಂದು. ಕಿಟಕಿ ಇಲ್ಲದ್ದು. ಅಲ್ಲಿ ಕುಂತು ಹಳೇ ಕೇಸ್‌ಪೇಪರಿಗೆ ನಂಬರ ಹಾಕಬೇಕಂತ. ಹಗುರ ಕೆಲಸ."

ನಾನು ಸಹಿಯ ಮೇಲಿನ ಸಂಖ್ಯೆ ಓದಿದೆ. "ಮೂವತ್ತೊಂದು... ನೀನಾ?"

"ಹೂಂ. ನಾನ."

ನಾನು ಅವಳ ಮುಖ ನೋಡಿದೆ. ತೊಂಬತ್ತಾರು ಅಂಕದ ಹೃದಯ ಇವಳ ಎದೆಯಲ್ಲಿದೆಯೇ? ನನ್ನ ಪಕ್ಕದಲ್ಲಿ ಮಲಗುವ ಎದೆ! "ನಾಳೇನ ಹೃದಯದ ಡಾಕ್ಟರ್ ಕಡೆ ಹೋಗೂಣು. ಇಷ್ಟ ದಿನಾ ಯಾಕ ಹೇಳಲಿಲ್ಲ? ಎದಿ ನೋಯ್ತದೇನು? ಉಬ್ಬಸ ಬರ್ತದೇನು?" ಎಂದು ಒಂದೇ ಉಸಿರಿನಲ್ಲಿ ಕೇಳಿದೆ.

ಅವಳು ನನ್ನ ಗಾಬರಿ ನೋಡಿದಳು. ಆಮೇಲೆ, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಸಮವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಅದು ನನ್ನ ಬೆರಳಲ್ರೀ."

"ಏನು?"

"ಏಳನೇ ಹಾಸಿಗಿ ನೀಲವ್ವಂದು. ಹೃದಯದ ಪೇಶಂಟು. ಎರಡು ತಿಂಗಳಾತು ನಮ್ಮ ವಾರ್ಡಿನ್ಯಾಗ ಅದಾಳ."

ನಡೆದದ್ದು ಇಷ್ಟು. ಮೊದಲ ದಿನ ಗಂಟೆ ಬಾರಿಸಿದಾಗ ದಾಕ್ಷಾಯಣಿ ನೀಲವ್ವನ ಹಾಸಿಗೆಯ ಬಳಿ ಇದ್ದಳು. 'ಬೆರಳನ್ನು ಕ್ಯಾಮೆರಾದ ಮೇಲಿಡಿ, ಉಸಿರನ್ನು ಗಮನಿಸಿ' ಎಂದು ನನ್ನ ಜೇನುದನಿ ಹೇಳಿತು. ಇಪ್ಪತ್ತೆರಡು ವರ್ಷದ ಅಭ್ಯಾಸ. ಬೆರಳು ಎಂದರೆ ರೋಗಿಯ ಬೆರಳು, ಉಸಿರು ಎಂದರೆ ರೋಗಿಯ ಉಸಿರು. ಅವಳು ನೀಲವ್ವನ ಕೈ ಎತ್ತಿಕೊಂಡು, ಬೆರಳನ್ನು ಕ್ಯಾಮೆರಾದ ಮೇಲಿಟ್ಟು, ಅವಳ ಎದೆ ಏರಿ ಇಳಿಯುವುದನ್ನು ಎಣಿಸತೊಡಗಿದಳು. ಮೂರು ನಿಮಿಷ ಮುಗಿದ ಮೇಲೆಯೇ ತಪ್ಪು ತಿಳಿದದ್ದು.

"ಮರದಿನ ನಂದ ಇಟ್ಟೆ," ಎಂದಳು. "ಕಣ್ಣ ಮುಚ್ಚಿ ಕುಂತರ ನನ್ನ ಉಸಿರು ನನಗ ಸಿಗೂದ ಇಲ್ಲ. ಮೂರನೇ ಹಾಸಿಗಿ ಸಲಾಯಿನ್ ಮುಗದಿರಬೇಕು, ಹನ್ನೊಂದರಾಕಿಗೆ ಗುಳಿಗಿ ಕೊಡಬೇಕು, ಬರೇ ಇವ ಬರ್ತಾವ. ಅಷ್ಟರಾಗ ನೀಲವ್ವ, ಆ ದನಿ ಛಲೋ ಐತಿ, ನನಗ ಕೇಳಸು ಅಂದ್ಲು. ಹಿಡಕೊಂಡೆ ಆಕಿ ಕೈ. ಆಕಿಗಿ ಸಮಾಧಾನ ಆಕ್ಕೇತಿ ಅಂತ ದಿನಾ ಹಿಡಕೊಂಡೆ. ನನಗೇನ ಆಗೇತಿ, ಆಕಿಗಿ ಬೇಕಾಗಿತ್ತು."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೋಟಿ ಸಲ ಪರೀಕ್ಷೆ ಮಾಡಿದ ಉಪಕರಣ. ಬ್ಯಾಟರಿ ಹೋದರೆ ಏನು, ಬೆರಳಿಗೆ ಮದರಂಗಿ ಇದ್ದರೆ ಏನು, ಎಲ್ಲವನ್ನೂ ಯೋಚಿಸಿದ್ದೆವು. ನರ್ಸಾದವಳು ತನ್ನ ಬೆರಳನ್ನೇ ಮರೆತಾಳು ಎಂದು ಯೋಚಿಸಿರಲಿಲ್ಲ.

"ಹಂಗಾದ್ರ ಪತ್ರ ನಾಳೆ ಮುಂಜಾನೆ ರದ್ದು," ಎಂದು ಹಗುರಾದೆ. "ಎಲ್ಲಿ, ಈಗ ನಿನ್ನ ಬೆರಳ ಇಡು. ಸರಿಯಾದ ಅಂಕ ಬರಲಿ."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ನಾನು ಹಿಡಿದು, ಕ್ಯಾಮೆರಾದ ಮೇಲೆ ಅವಳ ತೋರುಬೆರಳು ಇಟ್ಟೆ. ಸ್ಪಿರಿಟ್ಟಿನಲ್ಲಿ ತೊಳೆದು ತೊಳೆದು ಬೆರಳ ತುದಿ ಒರಟಾಗಿತ್ತು. ಮೂರು ನಿಮಿಷದ ಮೇಲೆ ಅಂಕ ಬಂತು: ಎಂಬತ್ತೊಂದು.

ಕೆಂಪು.

ಅವಳು ಅದನ್ನು ನೋಡಿದಳು. ಕೋಪವಿಲ್ಲದೆ, ಬಹಳ ಸಾವಕಾಶವಾಗಿ ಕೇಳಿದಳು: "ಈಗೇನ ಮಾಡ್ತೀರಿ? ನನ್ನ ಹೆಸರೀಲೆ ಇನ್ನೊಂದ ಪತ್ರ ಬರೀತೀರೇನು?"

ನೀಲವ್ವನ ಬೆರಳು ಎಂದು ಹೇಳಿ ಪತ್ರ ರದ್ದು ಮಾಡಿಸಿದರೆ, ನಿಜವಾಗಿ ದಣಿದ ಹೆಂಗಸನ್ನು ಮತ್ತೆ ಆ ಓಡಾಟಕ್ಕೆ ನೂಕಿದಂತೆ. ಪತ್ರ ಉಳಿಸಿಕೊಂಡರೆ ಅವಳನ್ನು ಕಿಟಕಿಯಿಲ್ಲದ ಕೋಣೆಗೆ ನೂಕಿದಂತೆ.

"ಆ ವಾರ್ಡ ಬಿಟ್ರ ನಾ ಸತ್ತ ಹೋಗ್ತೀನ್ರಿ," ಎಂದಳು. ಅವಳು ಹಾಗೆಲ್ಲ ಮಾತಾಡುವವಳಲ್ಲ. ಅಡುಗೆಮನೆಯಲ್ಲಿ ಆ ದಿನ ರೊಟ್ಟಿಯ ಸಪ್ಪಳ ಕೇಳಲಿಲ್ಲ. ನಾನೇ ಮಂಡಕ್ಕಿಗೆ ಒಗ್ಗರಣೆ ಹಾಕಿ ಇಬ್ಬರಿಗೂ ಬಡಿಸಿದೆ. ಅದಕ್ಕೆ ಉಪ್ಪು ಹೆಚ್ಚಾಗಿತ್ತು, ಆದರೂ ಅವಳು ಏನೂ ಅನ್ನಲಿಲ್ಲ. ಉಪ್ಪು ಹೆಚ್ಚಾದದ್ದನ್ನು ಆಡಿಕೊಳ್ಳದ ದಾಕ್ಷಾಯಣಿಯನ್ನು ನೋಡಿ ನನಗೆ ಎಂಬತ್ತೊಂದಕ್ಕಿಂತ ಹೆಚ್ಚು ಭಯವಾಯಿತು.

ಶುಕ್ರವಾರ ತಬಸ್ಸುಮ್ ಅವರಿಗೆ ಎಲ್ಲವನ್ನೂ ಹೇಳಿದೆ. ಕಣ್ಣಿಲ್ಲದ ಗಂಡ ನಾನೇ ಎಂದೂ ಹೇಳಿದೆ. ಅವರು ನಗು ತಡೆದುಕೊಂಡು, ದುಪಟ್ಟಾದ ತುದಿಯನ್ನು ಬಾಯಿಗೆ ಹಿಡಿದು, ಎರಡು ನಿಮಿಷ ಗೋಡೆ ನೋಡಿದರು.

"ಸರ್, ಒಂದು ಮಾತು. ಉಸಿರು ಒಳಗ ಹೋದಾಗ ನಾಡಿ ಒಂದೀಟು ಜೋರಾಗತೈತಿ, ಹೊರಗ ಬಂದಾಗ ಇಳೀತೈತಿ. ಒಂದ ಮೈಯಾಗ ಇದ್ರ ಎರಡೂ ಕೂಡಿ ನಡೀತಾವ. ಬೆರಳು ಒಬ್ಬರದು, ಕಾಲರಿನ ಗುಂಡಿ ಇನ್ನೊಬ್ಬರದು ಆದ್ರ?"

"ಕೂಡೂದಿಲ್ಲ."

"ಹಂಗಾದ್ರ ಎಲ್ಲಾರದೂ ನೋಡೂಣಲ್ಲ?"

ಇನ್ನೂರ ಹದಿನಾಲ್ಕು ಮಂದಿಯ ನಾಡಿ ಮತ್ತು ಉಸಿರನ್ನು ಜೋಡಿ ಮಾಡಿ ನೋಡಿದೆವು. ಹೃದಯದ ಕಾಯಿಲೆಯವರ, ತೀರಾ ವಯಸ್ಸಾದವರ ನಾಡಿ ಉಸಿರಿನ ಜೊತೆ ಅಷ್ಟಾಗಿ ಏರಿಳಿಯುವುದಿಲ್ಲ, ಅದಕ್ಕಾಗಿ ಎರಡೆರಡು ಸಲ ಪರೀಕ್ಷಿಸಿದೆವು. ಮಧ್ಯಾಹ್ನದ ಊಟ ಹಾಗೇ ಉಳಿಯಿತು. ಮೂರು ಗಂಟೆಗೆ ಉತ್ತರ ಬಂತು. ಅರವತ್ತಮೂರು ಮಂದಿಯಲ್ಲಿ ಬೆರಳೂ ಉಸಿರೂ ಒಂದೇ ಮೈಯವಲ್ಲ.

ಅರವತ್ತಮೂರು! ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಆರು ಆಸ್ಪತ್ರೆಗಳಲ್ಲಿ ಅರವತ್ತಮೂರು ಹೆಂಗಸರು ಅದೇ ತಪ್ಪು ಮಾಡಿದ್ದರು. ತಬಸ್ಸುಮ್ ಅವರಿಗೆ ಈ ಸಲ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಒರೆಸಿಕೊಂಡ ಮೇಲೂ ಕಣ್ಣು ಒದ್ದೆಯಾಗಿಯೇ ಇತ್ತು.

"ನಮ್ಮವ್ವನೂ ಹಿಂಗ, ಸರ್. ಜ್ವರ ಬಂದೈತಿ ಅಂತ ಥರ್ಮಾಮೀಟರ್ ಕೊಟ್ರ ನನ್ನ ಬಾಯಿಗಿಡ್ತಾಳ," ಎಂದರು.

ಬೆರಳನ್ನು ಪಕ್ಕಕ್ಕಿಟ್ಟು ದಾಕ್ಷಾಯಣಿಯ ಕಾಲರಿನ ಗುಂಡಿ ಏನು ಬರೆದಿದೆ ನೋಡಿದೆ. ಅದು ಖಂಡಿತ ಅವಳದೇ ಉಸಿರು. ಅಂಕಕ್ಕೆ ಅದನ್ನು ಸೇರಿಸದೆ ಬಿಟ್ಟಿದ್ದೆವು. ಮೆಟ್ಟಿಲ ಮೇಲೆ ನಿಮಿಷಕ್ಕೆ ಇಪ್ಪತ್ತೆಂಟು. ಮೇಜಿನ ಬಳಿ, ದಿನಕ್ಕೆ ಹನ್ನೊಂದು ನಮೂನೆಯ ಫಾರಂ ತುಂಬುವಾಗ, ನಿಂತುಕೊಂಡೇ, ಇಪ್ಪತ್ತನಾಲ್ಕು. ಔಷಧದ ಉಗ್ರಾಣಕ್ಕೆ ಫೋನು ಹಚ್ಚಿದಾಗ ಇಪ್ಪತ್ತಾರು. ಎರಡನೆಯ ದಿನ ಒಬ್ಬಳೇ ಕುಳಿತು ನನ್ನ ದನಿ ಕೇಳಿದಾಗ ಇಪ್ಪತ್ತೆರಡು. 'ಭುಜಗಳನ್ನು ಸಡಿಲಿಸಿ' ಎಂದ ಕೂಡಲೇ ಇಪ್ಪತ್ತಮೂರು. ನನ್ನ ಜೇನಿನ ಯೋಗ್ಯತೆ ಅಷ್ಟು.

ಏಳನೇ ಹಾಸಿಗೆಯ ಬಳಿ, ನೀಲವ್ವನ ಕೈ ಹಿಡಿದ ಮೂರು ನಿಮಿಷ, ಹನ್ನೊಂದು.

ಪ್ರತಿದಿನವೂ ಹನ್ನೊಂದು, ಹೆಚ್ಚೆಂದರೆ ಹನ್ನೆರಡು. ಇಡೀ ಪಾಳಿಯಲ್ಲಿ ನನ್ನ ಹೆಂಡತಿ ಬೇರೆಲ್ಲೂ ಹಾಗೆ ಉಸಿರಾಡುತ್ತಿರಲಿಲ್ಲ. ಹಗುರ ಕೆಲಸವೆಂದು ನಾನು ಅವಳಿಂದ ಕಿತ್ತುಕೊಳ್ಳಲು ಹೊರಟದ್ದು ಆ ಒಂಬತ್ತು ನಿಮಿಷಗಳನ್ನೇ.

ಶನಿವಾರ ಬೆಳಗ್ಗೆ ಕಲ್ಲಾಸ್ಪತ್ರೆಗೆ ಹೋದೆ. ಅಲ್ಲಿನ ಮುಖ್ಯಸ್ಥರು ಡಾಕ್ಟರ್ ಮುದಗಲ್. ಒಳ್ಳೆಯ ಮನುಷ್ಯ, ಮಾತು ಮಾತ್ರ ಒರಟು. ನಾನು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಬೆರಳು ನೀಲವ್ವನದು ಎಂಬುದನ್ನೂ, ಎಂಬತ್ತೊಂದನ್ನೂ, ಹನ್ನೊಂದನ್ನೂ.

"ಅಂದ್ರ ನಿಮ್ಮ ಪತ್ರ ತಪ್ಪೂ ಹೌದು, ಖರೇನೂ ಹೌದು," ಎಂದರು ಅವರು. "ನಿಯಮ ನಿಮ್ಮದ ಐತಿ, ಕಡಕೋಳರ. ಕೆಂಪು ಬಂದಾಕಿನ್ನ ಹಾಸಿಗಿ ಕಡಿಂದ ದೂರ ಇಡ್ರಿ ಅಂದವ್ರು ನೀವು. ಈಗ ಹಾಸಿಗಿ ಕಡೇನ ಇಡ್ರಿ ಅಂತೀರಿ. ನಾಳೆ ಆಕಿ ವಾರ್ಡಿನ್ಯಾಗ ಕುಸದ ಬಿದ್ರ ಉತ್ತರಾ ಯಾರು ಕೊಡಬೇಕು? ಹೆಂಡ್ತಿ ಅಂತ ಹೇಳಾಕತ್ತೀರಿ ಅಂದ್ರ ನಾನೇನ ಅನ್ಲಿ?"

ಆ ಮಾತು ಚುಚ್ಚಿತು. ಅದು ಅನ್ಯಾಯದ ಮಾತೂ ಅಲ್ಲ. ಅರವತ್ತೆರಡು ಬೇರೆ ನರ್ಸುಗಳ ಲೆಕ್ಕವನ್ನು ಮುಂದಿಟ್ಟೆ. ಎಲ್ಲರದೂ ಅದೇ ಕಥೆ. ಕೈ ಹಿಡಿದಾಗ ಉಸಿರು ಇಳಿಯುತ್ತದೆ, ಮೇಜಿನ ಬಳಿ ಏರುತ್ತದೆ. ಅವರು ಕನ್ನಡಕ ತೆಗೆದು ಹಾಳೆ ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು.

"ಕಾಗದ ಸಾಕು. ನಡೀರಿ, ಆ ಏಳನೇ ಹಾಸಿಗೀನ ಕೇಳೂಣು," ಎಂದು ಎದ್ದರು.

ಹೆಂಗಸರ ವಾರ್ಡು ಸಂತೆಯ ಹಾಗಿತ್ತು. ಮೂವತ್ತೆಂಟು ಹಾಸಿಗೆ, ಮೂರು ನರ್ಸುಗಳು. ಇದ್ದ ಸ್ಟೂಲುಗಳ ಮೇಲೆಲ್ಲ ರೋಗಿಗಳ ಕಡೆಯವರು ಕುಳಿತಿದ್ದರು. ದಾಕ್ಷಾಯಣಿ ದೂರದಲ್ಲಿ ಸಲಾಯಿನ್ ಬಾಟಲಿ ಬದಲಿಸುತ್ತಿದ್ದಳು. ನಮ್ಮನ್ನು ನೋಡಿ ಅವಳ ಮುಖ ಬಿಳಿಚಿತು, ಆದರೆ ಕೈ ನಿಲ್ಲಲಿಲ್ಲ.

ನೀಲವ್ವ ದಿಂಬಿಗೆ ಒರಗಿ ಕುಳಿತಿದ್ದಳು. ಎಪ್ಪತ್ತೆರಡರ ಮುದುಕಿ, ಮೂಗಿನಲ್ಲಿ ಆಮ್ಲಜನಕದ ನಳಿಕೆ, ಹಣೆಯಲ್ಲಿ ಅಗಲ ವಿಭೂತಿ. ನಾನು ನಮಸ್ಕಾರ ಎಂದದ್ದೇ ತಡ, ಕಣ್ಣು ಸಣ್ಣದು ಮಾಡಿ ನೋಡಿದಳು.

"ಎಪ್ಪಾ, ನೀನ ಏನು ಫೋನಿನ್ಯಾಂವ? ದನಿ ಗುರ್ತ ಹಿಡದೆ ನೋಡು. ದನಿ ಛಲೋ ಐತಿ, ಮಾತ ಭಾಳ ಆತು. ಉಸರಾಡಾಕ ಯಾರರ ಹೇಳಿಕೊಡ್ತಾರೇನು?"

ಡಾಕ್ಟರ್ ಮುದಗಲ್ ಸಂತೋಷದಿಂದ ಕೆಮ್ಮಿದರು. ಆಮೇಲೆ ಕೇಳಿದರು: "ಅಜ್ಜಿ, ಸಿಸ್ಟರ್ ನಿನ್ನ ಬೆರಳ ಯಾಕ ಇಡತಿದ್ರು? ನಿನಗ ಸಮಾಧಾನ ಆಕ್ಕೇತಿ ಅಂತ ಹೌದಲ್ಲ?"

ನೀಲವ್ವ ದಾಕ್ಷಾಯಣಿ ಇರುವ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ನನಗೇನ ಸಮಾಧಾನ ಬಂತ್ರಿ ಸಾಹೇಬ್ರ? ನಾ ಹೆಂಗೂ ದಿನಾ ಮಕ್ಕೊಂಡ ಇರಾಕಿ. ಆಕಿ ನೋಡ್ರಿ ಹೆಂಗ ಓಡ್ಯಾಡತಾಳ. ಕುಂದ್ರವ್ವಾ ಅಂದ್ರ ಕುಂದ್ರಂಗಿಲ್ಲ. ನೀರ ಕುಡಿ ಅಂದ್ರ ಕುಡ್ಯಂಗಿಲ್ಲ. ಎದಿ ಹೊಡಕೊಳ್ಳಾಕತ್ತೈತಿ, ಕೈ ಹಿಡಿ ಅಂದ್ರ ಮಾತ್ರ ಓಡಿ ಬರ್ತಾಳ. ನನ್ನ ಹಾಸಿಗಿ ಮ್ಯಾಲ ಕುಂದರ್ತಾಳ. ಅದಕ್ಕ ದಿನಾ ಮೂರ ಸಲ ಎದಿ ಹೊಡಕೊಳ್ಳಾಕ ಹಚ್ಚೀನಿ." ಸುಕ್ಕು ಬಿದ್ದ ಬಾಯಿ ಮುಚ್ಚಿಕೊಂಡು ನಕ್ಕಳು. "ಹೇಳಬ್ಯಾಡ್ರಿ ಮತ್ತ. ಗೊತ್ತಾದ್ರ ಕುಂದ್ರೂದು ಬಿಡತಾಳ."

ನಾನು ಇಪ್ಪತ್ತು ವರ್ಷ ಹೃದಯದ ಬಗ್ಗೆ ಓದಿದವನು. ಇವಳು ಕೆಟ್ಟುಹೋದ ಹೃದಯವೊಂದನ್ನು ಇಟ್ಟುಕೊಂಡು, ಹಾಸಿಗೆಯಿಂದ ಏಳಲಾಗದೆ, ನನ್ನ ಹೆಂಡತಿಗೆ ದಿನಕ್ಕೆ ಮೂರು ಸಲ ವಿಶ್ರಾಂತಿ ಕೊಡಿಸಿದ್ದಳು. ಅವಳ ಕಾಲು ಮುಟ್ಟಿ ನಮಸ್ಕರಿಸಿದೆ. "ಏ, ಇದೇನಪಾ!" ಎಂದು ಮುದುಕಿ ಕಾಲು ಎಳೆದುಕೊಂಡಳು.

ಡಾಕ್ಟರ್ ಮುದಗಲ್ ಹೊರಟರು. ವಾರ್ಡಿನ ಬಾಗಿಲಿಗೆ ಬಂದ ಮೇಲೆ, ಎದುರಿನ ಗೋಡೆಗೆ ಹೇಳುವ ಹಾಗೆ ಹೇಳಿದರು: "ನಾನೂ ಮೂವತ್ತ ವರ್ಷದಿಂದ ರೌಂಡಿಗೆ ಬರ್ತೀನಿ. ಸಿಸ್ಟರಿಗೆ ಕುಂದ್ರಾಕ ಒಂದ ಸ್ಟೂಲ ಇಲ್ಲ ಅಂತ ಇವತ್ತ ನೋಡ್ದೆ."

ದಾಕ್ಷಾಯಣಿಯನ್ನು ವಾರ್ಡಿನಲ್ಲೇ ಇಟ್ಟು ನೋಡಲು ಆರು ವಾರದ ಅವಕಾಶ ಕೊಟ್ಟರು. ದಾಖಲೆ ಕೋಣೆಯಲ್ಲಿ ಕುಳಿತಿದ್ದ ಇಬ್ಬರು ಗುಮಾಸ್ತರನ್ನು ಮೇಲಿನ ವಾರ್ಡಿಗೆ ಕಳಿಸಿ, ಆ ಹನ್ನೊಂದು ಫಾರಂಗಳನ್ನು ಅವರಿಗೆ ವಹಿಸಿದರು. ಪ್ರತಿ ನಾಲ್ಕು ಹಾಸಿಗೆಗೆ ಒಂದರಂತೆ ಬಿಳಿಯ ಸ್ಟೂಲು ಬಂತು, 'ಸಿಸ್ಟರಿಗೆ ಮಾತ್ರ' ಎಂದು ಬರೆಸಿಕೊಂಡು. ರೋಗಿಗಳ ಕಡೆಯವರು ಅದರ ಮೇಲೂ ಕುಳಿತರು. ಆದರೆ ಸಿಸ್ಟರ್ ಬಂದರೆ ಏಳುವ ಅಭ್ಯಾಸವಾಯಿತು, ನಮ್ಮೂರಿಗೆ ಅದೇ ದೊಡ್ಡದು. ಉಗ್ರಾಣದವರಿಗೆ ಮುದಗಲ್ ಅವರೇ ಒಮ್ಮೆ ಫೋನು ಹಚ್ಚಿ ಬೈದರು. ಅದರ ಪರಿಣಾಮ ಎರಡು ವಾರ ಇತ್ತು.

ನಾವು ಆಪ್ ಬದಲಿಸಿದೆವು. ಈಗ ಅದು ಮೊದಲು ಕೇಳುತ್ತದೆ: 'ಇದು ಯಾರ ಬೆರಳು?' ನನ್ನದು ಎಂದರೂ ಸರಿ, ನಾನು ನೋಡಿಕೊಳ್ಳುವವರದು ಎಂದರೂ ಸರಿ. ಎರಡನೆಯದನ್ನು ಒತ್ತಿದರೆ ಆಪ್ ಮಾತಾಡುವುದಿಲ್ಲ. ಮೂರು ನಿಮಿಷ ಆ ಸಿಸ್ಟರನ್ನು ಯಾರೂ ಕರೆಯದಂತೆ ನೋಡಿಕೊಳ್ಳುತ್ತದೆ. ಅವಳಿಗೆ ಬರುವ ಕರೆಗಳನ್ನೆಲ್ಲ ಬೇರೆಯವರಿಗೆ ತಿರುಗಿಸುತ್ತದೆ. ದಣಿವಿನ ಅಂಕವನ್ನು ಈಗ ಕಾಲರಿನ ಗುಂಡಿಯೂ ಸೇರಿ ಕೊಡುತ್ತದೆ. ನನ್ನ ದನಿಯನ್ನು ತಬಸ್ಸುಮ್ ಅವರು ತೆಗೆದುಹಾಕಿದರು, ಸ್ವಲ್ಪ ಹೆಚ್ಚೇ ಉತ್ಸಾಹದಿಂದ. ಹತ್ತು ದಿನದ ಕೆಂಪಿಗೆ ವಾರ್ಡು ಬಿಡಿಸುವ ಸಾಲನ್ನು ನಾನೇ ಹೊಡೆದುಹಾಕಿದೆ. ಅದರ ಬದಲು, ಕೆಂಪು ಬಂದ ನರ್ಸಿನಿಂದ ಯಾವ ಕೆಲಸ ತೆಗೆಯಬೇಕೆಂದು ಮೊದಲು ಅವಳನ್ನೇ ಕೇಳಬೇಕು ಎಂದು ಬರೆದೆ. ಇಷ್ಟು ಸರಳವಾದ ವಾಕ್ಯ ನನ್ನ ಕೈಯಿಂದ ಮೊದಲೇ ಏಕೆ ಬರಲಿಲ್ಲವೋ.

ಆರನೆಯ ವಾರ ದಾಕ್ಷಾಯಣಿಯ ಅಂಕ ಅರವತ್ತೆರಡಕ್ಕೆ ಇಳಿಯಿತು. ಹಸಿರಲ್ಲ, ಹಳದಿ. ಮೂವತ್ತೆಂಟು ಹಾಸಿಗೆಗೆ ನಾಲ್ಕನೆಯ ನರ್ಸು ಬರುವವರೆಗೂ ಹಸಿರು ಬರುವುದಿಲ್ಲವೆಂದು ಮುದಗಲ್ ಅವರಿಗೆ ಬರೆದುಕೊಟ್ಟಿದ್ದೇನೆ. ಅವರು ಅದನ್ನು ಟ್ರಸ್ಟಿನವರ ಮುಂದಿಟ್ಟಿದ್ದಾರೆ. ನೀಲವ್ವನನ್ನು ಮಗಳು ಕರೆದುಕೊಂಡು ಹೋದಳು. ಹೋಗುವಾಗ ಮುದುಕಿ ನನಗೆ ಹೇಳಿಕಳಿಸಿದ್ದು ಒಂದೇ ಮಾತು: "ಇನ್ನ ನೀ ನೋಡ್ಕೋ."

ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಅವಳೇ ಕಲಿಸಿದ್ದಳಲ್ಲ.

ಕಳೆದ ಮಂಗಳವಾರ ದಾಕ್ಷಾಯಣಿ ಮೂರು ಗಂಟೆಗೆ ಬಂದಳು. ಆ ದಿನ ವಾರ್ಡಿನಲ್ಲಿ ಒಬ್ಬಳು ತೀರಿಕೊಂಡಿದ್ದಳು, ಸಣ್ಣ ವಯಸ್ಸಿನವಳು. ಅದು ನನಗೆ ತಿಳಿದದ್ದು ಆಮೇಲೆ; ಏನೋ ಆಗಿದೆ ಎಂದು ಆಗ ಹೇಳಿದ್ದು ಅವಳ ಚಪ್ಪಲಿ ಬಿಡುವ ಸಪ್ಪಳ. ಬಕೆಟ್ಟಿನ ಕಡೆಯೂ ಹೋಗದೆ ನೇರ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿ ತೆಗೆದಳು.

"ಕುಂದ್ರು ಬಾ," ಎಂದೆ.

"ಹಿಟ್ಟ ನಾದಿ ಬರ್ತೀನಿ."

"ನೀರ ಕಾಸೀನಿ, ಕಾಲ ಇಡು."

"ಆಮ್ಯಾಲ."

ನಾನು ಕುರ್ಚಿಯಲ್ಲಿ ಕುಳಿತು ಎದೆಯ ಮೇಲೆ ಕೈಯಿಟ್ಟುಕೊಂಡೆ. "ದಾಕ್ಷಾಯಣಿ, ಯಾಕೋ ಎದಿ ಹೊಡಕೊಳ್ಳಾಕತ್ತೈತಿ. ಒಂಚೂರು ಕೈ ಹಿಡದ ನೋಡು."

ಡಬ್ಬಿ ಅಲ್ಲೇ ಬಿಟ್ಟು ಓಡಿ ಬಂದಳು. ಪಕ್ಕದ ಮಂಚದ ತುದಿಗೆ ಕುಳಿತು ನನ್ನ ಮಣಿಕಟ್ಟು ಹಿಡಿದಳು. ಮೂರು ಬೆರಳು, ಸರಿಯಾದ ಜಾಗದಲ್ಲಿ. ಕಣ್ಣು ಗೋಡೆಯ ಗಡಿಯಾರದ ಮೇಲೆ. ಒಂದು ನಿಮಿಷವಾಯಿತು. ಅವಳ ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾಗುವುದನ್ನು ನಾನು ನೋಡಿದೆ. ಆಮೇಲೆ ಭುಜ ಇಳಿಯಿತು. ಯಾರೂ ಹೇಳದೆ ತಾನಾಗಿ ಇಳಿಯಿತು.

"ಎಪ್ಪತ್ತು," ಎಂದಳು. "ಕುದರಿ ಹಂಗ ಅದೀರಿ. ಏನೂ ಆಗಿಲ್ಲ ನಿಮಗ."

ಕೈ ಮಾತ್ರ ಬಿಡಲಿಲ್ಲ.

ರೋಗಿಯ ಉಸಿರನ್ನು ಎಣಿಸುವಾಗ ನರ್ಸುಗಳು ಅದನ್ನು ರೋಗಿಗೆ ಹೇಳುವುದಿಲ್ಲ. ಹೇಳಿದರೆ ಅವನ ಉಸಿರು ಬದಲಾಗುತ್ತದೆ. ಅದಕ್ಕೆ ನಾಡಿ ನೋಡುವ ಹಾಗೆ ಮಣಿಕಟ್ಟು ಹಿಡಿದುಕೊಂಡೇ, ಕಣ್ಣಂಚಿನಲ್ಲಿ ಎದೆ ನೋಡುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳೇ ನನಗೆ ಇದನ್ನು ಹೇಳಿದ್ದಳು. ನಾನೂ ಕೈ ಕೊಟ್ಟು ಕುಳಿತು, ಕಿಟಕಿ ನೋಡುವವನಂತೆ ನಟಿಸುತ್ತ, ಅವಳ ಸಮವಸ್ತ್ರದ ಕಾಲರು ಏರಿ ಇಳಿಯುವುದನ್ನು ಎಣಿಸುತ್ತಿದ್ದೆ.

"ಎಷ್ಟ ಬಂತು?" ಎಂದಳು ಅವಳು, ಗಡಿಯಾರದಿಂದ ಕಣ್ಣು ತೆಗೆಯದೆ.

"ಏನು?"

"ನನ್ನ ಉಸಿರು. ಎಣಸಾಕತ್ತೀರಲ್ಲ. ಇಪ್ಪತ್ತೆರಡ ವರ್ಷ ಮಾಡೀನ್ರಿ ನಾ ಈ ಕೆಲಸಾನ."

ಸಿಕ್ಕಿಬಿದ್ದೆ. "ಹದಿನಾಲ್ಕು," ಎಂದೆ.

ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ.

"ಒಂದ ನಿಮಿಷ ಸಾಲಂಗಿಲ್ರೀ," ಎಂದಳು. "ಇನ್ನೊಂದ ಸಲ ಎಣಸ್ರಿ."